ಅಡುಗೆ ಕಲಿಯೋಕೂ ಡಿಗ್ರಿ ಬೇಕಾ?

ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದಾಗ ನಮ್ಮ ಚಿಕ್ಕಪ್ಪನ ಮಗಳು ಬಿಎಸ್ಸಿ ಹೋಂ ಸೈನ್ಸ್ ಸೇರಿದಳು. ಹಬ್ಬದ ಊಟಕ್ಕೆ ಎಲ್ಲರೂ ಕೂತಿದ್ದಾಗ ನಾನೇ ಕೇಳಿದ್ದೆ, "ಅಲ್ಲ ಕಣೇ, ಅನ್ನ ಸಾರು ಮಾಡೋಕೂ ಡಿಗ್ರಿ ಬೇಕಾ?" ಎಲ್ಲರೂ ನಕ್ಕರು. ಅವಳು ನಗಲಿಲ್ಲ. ನಾನು ಎಂಥಾ ದಡ್ಡ ಅಂತ ಗೊತ್ತಾಗೋಕೆ ವರ್ಷಗಳೇ ಬೇಕಾದವು.

ಒಬ್ಬ ಹೆಣ್ಣುಮಗಳ ಕಥೆ ಹೇಳ್ತೀನಿ, ಕೇಳಿ. ಹೆಸರು ಎಲೆನ್ ಸ್ವಾಲೋ ರಿಚರ್ಡ್ಸ್. 1842ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದವರು. ನಮ್ಮ ಹುಡುಗರೆಲ್ಲ ಕನಸು ಕಾಣೋ ಎಂಐಟಿ ಇದೆಯಲ್ಲ, ಅಲ್ಲಿ ಓದಿದ ಮೊದಲ ಮಹಿಳೆ. ಫೀಸು ಬೇಡ ಅಂದರು. ಈಕೆ ಅದನ್ನು ಔದಾರ್ಯ ಅಂದುಕೊಂಡರು. ಅಸಲಿ ವಿಷಯ ಬೇರೆಯೇ ಇತ್ತು. ಯಾರಾದರೂ ತಕರಾರು ತೆಗೆದರೆ, 'ಆಕೆ ನಮ್ಮ ವಿದ್ಯಾರ್ಥಿನಿಯೇ ಅಲ್ಲ' ಎಂದು ಕೈತೊಳೆದುಕೊಳ್ಳೋಕೆ ಅದೊಂದು ದಾರಿ! ಆದರೂ 1873ರಲ್ಲಿ ರಸಾಯನಶಾಸ್ತ್ರದ ಪದವಿ ಪಡೆದರು.

ಮುಂದೆ ರಾಜ್ಯದ ಆರೋಗ್ಯ ಮಂಡಳಿಗಾಗಿ ಮ್ಯಾಸಚೂಸೆಟ್ಸ್‌ನ ಕೆರೆ, ನದಿ, ಬಾವಿಗಳ ಸಾವಿರಾರು ನೀರಿನ ಮಾದರಿಗಳ ಪರೀಕ್ಷೆ ಇವರ ಲ್ಯಾಬ್‌ನಲ್ಲಿ ನಡೆಯಿತು. ಸಮುದ್ರದ ಹತ್ತಿರದ ನೀರಿನಲ್ಲಿ ಕ್ಲೋರೈಡ್ ಸಹಜವಾಗಿಯೇ ಜಾಸ್ತಿ. ಒಳನಾಡಿಗೆ ಹೋದಂತೆ ಕಡಿಮೆ. ಯಾವ ಊರಲ್ಲಿ ಎಷ್ಟಿರಬೇಕು ಅನ್ನೋದನ್ನು ಅವರು ನಕ್ಷೆಯ ಮೇಲೆ ಗೆರೆ ಎಳೆದು ಗುರುತಿಸಿದರು. ಅದಕ್ಕಿಂತ ಹೆಚ್ಚು ಕಂಡುಬಂತೋ, ಚರಂಡಿ ಸೇರಿದೆ ಅಂತ ಅನುಮಾನಿಸಬೇಕು. ನೋಡಿ, ಕಾಲೇಜಿನ ಲ್ಯಾಬ್‌ನಲ್ಲಿ ಇದೇ ಕ್ಲೋರೈಡ್ ಟೆಸ್ಟ್ ಮಾಡಿ ರೆಕಾರ್ಡ್ ಬುಕ್ ತುಂಬಿಸಿದವನು ನಾನು. ಹೋಂ ಸೈನ್ಸ್ ಅಂದರೆ ನಗುತ್ತಿದ್ದವನೂ ನಾನೇ.

ನೀರು ಕೆಟ್ಟರೆ ಮನೆ ಕೆಡುತ್ತೆ. ಹಾಗಾದರೆ ವಿಜ್ಞಾನ ಲ್ಯಾಬ್‌ನಲ್ಲೇ ಯಾಕಿರಬೇಕು, ಅಡುಗೆಮನೆಗೂ ಬರಲಿ ಅಂದರು ರಿಚರ್ಡ್ಸ್. 1882ರಲ್ಲಿ ಅಡುಗೆ ಮತ್ತು ಶುಚಿತ್ವದ ರಸಾಯನಶಾಸ್ತ್ರದ ಬಗ್ಗೆ ಪುಸ್ತಕ ಬರೆದರು. ಆಹಾರದ ಕಲಬೆರಕೆಯ ಬಗ್ಗೆಯೂ ಬರೆದರು. 1890ರಲ್ಲಿ ಬಾಸ್ಟನ್‌ನಲ್ಲಿ ದುಡಿಯುವ ಜನರಿಗಾಗಿ ಕಡಿಮೆ ಬೆಲೆಯ, ಪೌಷ್ಟಿಕ ಊಟದ ಅಡುಗೆಮನೆ ಶುರುವಾಯಿತು. ಮುಂದೆ ಅಲ್ಲಿಂದಲೇ ಶಾಲೆಗಳಿಗೂ ಊಟ ಹೋಯಿತು.

1899ರಲ್ಲಿ ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲಾಸಿಡ್‌ನಲ್ಲಿ ಬೆರಳೆಣಿಕೆಯಷ್ಟು ಜನ ಸೇರಿ, ಈ ವಿದ್ಯೆಗೆ 'ಹೋಂ ಎಕನಾಮಿಕ್ಸ್' ಅಂತ ಹೆಸರಿಟ್ಟರು. 1909ರಲ್ಲಿ ಅದಕ್ಕೊಂದು ರಾಷ್ಟ್ರೀಯ ಸಂಘ ಹುಟ್ಟಿತು. ಮೊದಲ ಅಧ್ಯಕ್ಷೆ ರಿಚರ್ಡ್ಸ್ ಅವರೇ. ಆದರೆ 1911ರಲ್ಲಿ ತೀರಿಕೊಳ್ಳುವವರೆಗೂ ಎಂಐಟಿಯಲ್ಲಿ ಅವರ ಹುದ್ದೆ ಬರೀ ಬೋಧಕಿಯದು. ಪ್ರೊಫೆಸರ್ ಆಗಲೇ ಇಲ್ಲ.

ಅದೇ 1911ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯ ಮಾರ್ಥಾ ವಾನ್ ರೆನ್ಸೆಲರ್ ಮತ್ತು ಫ್ಲೋರಾ ರೋಸ್ ಅವರಿಗೆ ಪ್ರೊಫೆಸರ್ ಹುದ್ದೆ ಕೊಟ್ಟಿತು. ಯಾವ ವಿಭಾಗದಲ್ಲಿ? ಹೋಂ ಎಕನಾಮಿಕ್ಸ್‌ನಲ್ಲಿ! ಅಂದರೆ ಈ ವಿದ್ಯೆ ಹೆಣ್ಣುಮಕ್ಕಳಿಗೆ ಬಾಗಿಲೂ ಆಯಿತು, ಬೇಲಿಯೂ ಆಯಿತು. ಕೆಮಿಸ್ಟ್ರಿ ಓದಿದವಳು ಕೆಲಸ ಕೇಳಿದರೆ, ಹೋಂ ಎಕನಾಮಿಕ್ಸ್ ಕಡೆ ಕೈ ತೋರಿಸೋದು ಎಷ್ಟೋ ಕಡೆ ರೂಢಿಯಾಯಿತು. ಬಾಗಿಲು ತೆರೆದದ್ದು ಹೆಣ್ಣುಮಕ್ಕಳ ಶ್ರಮ. ಬೇಲಿ ಹಾಕಿದ್ದು ನಮ್ಮಂಥವರ ನಗು.

ನಮ್ಮ ದೇಶದಲ್ಲೂ ಈ ಬಾಗಿಲು ತೆರೆಯೋಕೆ ಹೆಣ್ಣುಮಕ್ಕಳೇ ಬರಬೇಕಾಯಿತು. ಅಖಿಲ ಭಾರತ ಮಹಿಳಾ ಸಮ್ಮೇಳನದ ಪ್ರಯತ್ನದಿಂದ 1932ರಲ್ಲಿ ದೆಹಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ಶುರುವಾಯಿತು. ಬೆಂಗಳೂರಿಗೂ ಹೋಂ ಸೈನ್ಸ್ ಕಾಲೇಜು ಬಂತು. ಆಹಾರ, ಶಿಶುಪಾಲನೆ, ಬಟ್ಟೆ, ಮನೆಯ ಹಣಕಾಸು, ಇವೆಲ್ಲ ಅಲ್ಲಿ ಪಠ್ಯ. ಇದರಲ್ಲಿ ಯಾವುದು ಗಂಡಸರಿಗೆ ಬೇಡ, ಹೇಳಿ?

ನನ್ನ ತಂಗಿ ಈಗ ಡಯಟೀಷಿಯನ್. ಅಪ್ಪನಿಗೆ ಶುಗರ್ ಬಂದಾಗ ನಾನು ಮೊದಲು ಫೋನ್ ಮಾಡಿದ್ದು ಅವಳಿಗೇ. ಮೊನ್ನೆ ಇದೇ ಕಥೆಯನ್ನು ಅವಳಿಗೆ ಉತ್ಸಾಹದಿಂದ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅಂದಳು: "ಇದು ನಮಗೆ ಫಸ್ಟ್ ಇಯರ್ ಪಾಠ ಅಣ್ಣಾ. ಅವತ್ತು ಊಟಕ್ಕೆ ಕೂತಾಗ ಕೇಳಿದ್ದರೆ ನಾನೇ ಹೇಳ್ತಿದ್ದೆ."