ನೆಟ್ಟು ಬೆಳೆಸಿದ ದೇವರಕಾಡು

ಟೋಕಿಯೊದ ಹರಾಜುಕು ರೈಲು ನಿಲ್ದಾಣದ ಒಂದು ಮಗ್ಗುಲಿಗೆ ತಕೆಶಿತಾ ಬೀದಿ. ಕಣ್ಣು ಕುಕ್ಕುವ ಬಟ್ಟೆಯಂಗಡಿಗಳು, ಸಿಹಿತಿಂಡಿಯ ಗೂಡುಗಳು, ಹೆಜ್ಜೆಯಿಡಲು ಬಿಡದಷ್ಟು ಹರೆಯದವರ ಗುಂಪು. ಇನ್ನೊಂದು ಮಗ್ಗುಲಿಗೆ ಸುಮಾರು 70 ಹೆಕ್ಟೇರಿನ ಕಾಡು. ಅದರ ನಡುವೆ ಮೇಜಿ ಜಿಂಗು ಎಂಬ ಶಿಂಟೊ ದೇಗುಲ.

ಊರು ಬೆಳೆಯುವಾಗ ಹೇಗೋ ಉಳಿದುಕೊಂಡ ಪುರಾತನ ಕಾಡಿದು ಎಂದು ಹೊಸಬರು ತಿಳಿಯುವುದು ಸಹಜ. ಆದರೆ ಇಲ್ಲಿನ ಬಹುಪಾಲು ಮರಗಳು ಮನುಷ್ಯರು ನೆಟ್ಟವು. ಕೊಡಗಿನ ದೇವರಕಾಡುಗಳಲ್ಲಿ ಮೊದಲು ಇದ್ದದ್ದು ಕಾಡು. ಅದನ್ನು ದೇವರ ಹೆಸರಲ್ಲಿ ಕಾಯ್ದುಕೊಂಡರು. ಇಲ್ಲಿ ದೇವರು ನೆಲೆಸಬೇಕೆಂದು ಕಾಡನ್ನೇ ಕಟ್ಟಿದರು.

ಚಕ್ರವರ್ತಿ ಮೇಜಿ 1912ರಲ್ಲಿ, ಸಾಮ್ರಾಜ್ಞಿ ಶೋಕೆನ್ 1914ರಲ್ಲಿ ತೀರಿಕೊಂಡರು. ಅವರಿಬ್ಬರ ಚೇತನಗಳನ್ನು ನೆಲೆಗೊಳಿಸಲು ದೇಗುಲ ಕಟ್ಟುವುದೆಂದಾದಾಗ ಎಂಥ ಮರ ನೆಡಬೇಕೆಂಬ ಜಗಳ ಎದ್ದಿತು. ನಿಕ್ಕೊ ಊರಿನ ದೇಗುಲದಲ್ಲಿರುವಂತೆ ಗಂಭೀರವಾದ ಸುಗಿ (ಜಪಾನಿ ಸೀಡರ್) ಮರಗಳೇ ಬೇಕು ಎಂದವರು ಆಗಿನ ಪ್ರಧಾನಿ ಓಕುಮಾ ಶಿಗೆನೊಬು. ಅರಣ್ಯಶಾಸ್ತ್ರಜ್ಞ ಹೊಂಡಾ ಸೇರೊಕು ಒಪ್ಪಲಿಲ್ಲ. ಟೋಕಿಯೊದ ಮಣ್ಣಿಗೂ ಹೊಗೆಗೂ ಸುಗಿ ಬಾಳದು. ಓಕ್, ಕರ್ಪೂರದಂಥ ಅಗಲ ಎಲೆಯ ನಿತ್ಯಹಸಿರು ಮರಗಳೇ ಇಲ್ಲಿಗೆ ತಕ್ಕವು ಎಂದು ಪಟ್ಟು ಹಿಡಿದರು. ಕೊನೆಗೆ ಪ್ರಧಾನಿ ಸೋತರು, ಅದೃಷ್ಟಕ್ಕೆ.

ನೆಡುವ ಯೋಜನೆಯೇ ಸೊಗಸಾಗಿದೆ. ಮೇಲ್ಪದರದಲ್ಲಿ ಎತ್ತರದ ಪೈನ್, ಅದರ ಕೆಳಗೆ ಹಿನೋಕಿಯಂಥ ಸೂಚಿಪರ್ಣಿಗಳು, ಅವುಗಳ ನೆರಳಲ್ಲಿ ಅಗಲ ಎಲೆಯ ಸಸಿಗಳು. ಮೇಲಿನವು ಕಾಲ ಕಳೆದಂತೆ ಬೀಳಬೇಕು, ಕೆಳಗಿನವು ಮೇಲೆದ್ದು ತಮ್ಮ ಬೀಜದಿಂದಲೇ ಕಾಡು ಮುಂದುವರಿಸಬೇಕು. ಲೆಕ್ಕ ಹಾಕಿದ್ದು ಸುಮಾರು 150 ವರ್ಷಕ್ಕೆ. ಕಾಡು ಅದಕ್ಕಿಂತ ಬೇಗ ತನ್ನ ಕಾಲ ಮೇಲೆ ನಿಂತಿತು. ದೇಶದ ಮೂಲೆಮೂಲೆಯಿಂದ ದಾನವಾಗಿ ಬಂದ ಸಸಿಗಳು ಸುಮಾರು ಒಂದು ಲಕ್ಷ. ನೆಡಲು ಬಂದ ಯುವಕರೂ ಸಾವಿರಾರು. 1920ರ ನವೆಂಬರ್‌ನಲ್ಲಿ ದೇಗುಲದ ಪ್ರತಿಷ್ಠೆಯಾಯಿತು. ರಾಜ್ಯವೂ ಶಿಂಟೊವೂ ಬೆಸೆದುಕೊಂಡಿದ್ದ ಕಾಲದಲ್ಲಿ ಹುಟ್ಟಿದ ದೇಗುಲವಿದು ಎಂಬುದನ್ನು ಮರೆಯಬಾರದು. 1945ರ ವೈಮಾನಿಕ ದಾಳಿಯಲ್ಲಿ ಮುಖ್ಯ ಮಂದಿರ ಸುಟ್ಟುಹೋಯಿತು, ಕಾಡು ಉಳಿಯಿತು. ಈಗಿನ ಮಂದಿರ 1958ರದು.

ಒಳಗೆ ಕಾಲಿಟ್ಟರೆ ಜಲ್ಲಿ ಹಾಸಿದ ಅಗಲ ದಾರಿ. ಅಡ್ಡಲಾಗಿ ನಿಂತ ‘ತೋರಿ’ ಎಂಬ ಮರದ ಹೆಬ್ಬಾಗಿಲು, ಎತ್ತರ 12 ಮೀಟರ್. ಅಲ್ಲಿ ತಲೆಬಾಗಿ, ದಾರಿಯ ನಟ್ಟನಡುವೆ ನಡೆಯದೆ ಬದಿಗೆ ಹೋಗುವುದು ರೂಢಿ; ನಡುವಿನದು ದೇವರ ದಾರಿಯಂತೆ. ದಾರಿಯಲ್ಲಿ ಉದ್ದ ಪೊರಕೆ ಹಿಡಿದು ಎಲೆ ಗುಡಿಸುವವರನ್ನು ಕಂಡರೆ ಕೊಂಚ ನಿಂತು ನೋಡಿ. ಗುಡಿಸಿದ ಎಲೆಗಳನ್ನು ಹೊರಗೆ ಸಾಗಿಸುವುದಿಲ್ಲ, ಮರಗಳ ಬುಡಕ್ಕೇ ಒಯ್ದು ಹಾಕುತ್ತಾರೆ. ಕಾಡಿಗೆ ಗೊಬ್ಬರ ಕಾಡಿನದೇ. ಇಡೀ ದೇಗುಲದಲ್ಲಿ ನನಗೆ ಮೆಚ್ಚುಗೆಯಾದ ಸೇವೆ ಇದು.

ನೀರಿನ ಕಟ್ಟೆಯಲ್ಲಿ ಎಡಗೈ, ಬಲಗೈ ತೊಳೆದು ಬಾಯಿ ಮುಕ್ಕಳಿಸಿ ಮುಂದೆ ಹೋಗಬೇಕು. ಚಪ್ಪಲಿ ಬಿಡುವ ಗೊಡವೆಯಿಲ್ಲ, ಪೂಜೆ ಹೊರಗೆ ನಿಂತೇ. ನಾಣ್ಯ ಹಾಕಿ ಎರಡು ಬಾರಿ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುತ್ತಾರೆ. ಕಣ್ತುಂಬಿಕೊಳ್ಳಲು ಮೂರ್ತಿ ಕಾಣುವುದಿಲ್ಲ, ಅಲಂಕಾರವೂ ಕಡಿಮೆ. ದರ್ಶನದ ಆಸೆ ಇಟ್ಟುಕೊಂಡು ಹೋದವರಿಗೆ ಸಪ್ಪೆ ಎನಿಸಬಹುದು. ಬೇರೆ ದೇಗುಲಗಳಲ್ಲಿ ಒಳ್ಳೆಯದು ಕೆಟ್ಟದ್ದು ಹೇಳುವ ಭವಿಷ್ಯದ ಚೀಟಿ ಸಿಗುತ್ತದೆ. ಇಲ್ಲಿನ ಚೀಟಿಯಲ್ಲಿರುವುದು ರಾಜದಂಪತಿ ಬರೆದ ಪುಟ್ಟ ಕವಿತೆ.

ಮಂದಿರಕ್ಕೆ ಪ್ರವೇಶ ಶುಲ್ಕವಿಲ್ಲ. ಸೂರ್ಯ ಹುಟ್ಟುವಾಗ ಬಾಗಿಲು ತೆರೆದು ಮುಳುಗುವಾಗ ಮುಚ್ಚುತ್ತಾರೆ. ಹಕ್ಕಿಯ ದನಿ ಕೇಳಬೇಕೆಂದರೆ ಬೆಳಗಿನ ಮೊದಲ ಗಂಟೆಯಲ್ಲೇ ಹೋಗಿ. ಜನವರಿಯ ಮೊದಲ ಮೂರು ದಿನ ಮಾತ್ರ ಬೇಡ. ಹೊಸವರ್ಷದ ಆ ಹೊತ್ತಿನಲ್ಲಿ ಇಲ್ಲಿಗೆ ಬರುವವರು ಸುಮಾರು 30 ಲಕ್ಷ ಮಂದಿ.