ಟಾರ್ಚ್ ಹಿಡಿದವನೂ ಬೇಟೆಗಾರನೇ

ಬೇಟೆಗೆ ಹೊಸದಾಗಿ ಹೊರಟವನ ಕೈಗೆ ಯಾರೂ ಬಂದೂಕು ಕೊಡುವುದಿಲ್ಲ. ಮೊದಲು ಸಿಗುವುದು ಟಾರ್ಚ್. ಬೈಕಿನ ಹಿಂದಿನ ಸೀಟಿನಲ್ಲಿ ಕುಳಿತು ಬೆಳಕು ಬಿಡುವುದು, ನಾಯಿಗಳ ಹಗ್ಗ ಹಿಡಿದುಕೊಳ್ಳುವುದು, ಬಿದ್ದ ಮೊಲವನ್ನು ಓಡಿಹೋಗಿ ಎತ್ತಿ ಚೀಲಕ್ಕೆ ಹಾಕುವುದು, ಇಷ್ಟೇ ಅವನ ಪಾಲಿನ ಕೆಲಸ. ಪರೀಕ್ಷೆ ಮುಗಿಸಿ ರಜೆಯಲ್ಲಿರುವ ಹೈಸ್ಕೂಲು ಅಥವಾ ಪಿಯುಸಿ ಹುಡುಗ ಇದಕ್ಕೆ ಸುಲಭವಾಗಿ ಸಿಗುತ್ತಾನೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತಿನ ಕುರುಚಲು ಕಾಡಿನ ಅಂಚಿನ ಹಳ್ಳಿಗಳಲ್ಲಿ ಯುಗಾದಿಯ ಸುಮಾರಿಗೆ ‘ಒಂದು ರಾತ್ರಿ ಬಾರೋ, ನೋಡಿಕೊಂಡು ಬರುವೆಯಂತೆ’ ಎಂಬ ಕರೆ ಬರುವುದು ಹೊಸದೇನೂ ಅಲ್ಲ. ಮನೆಯಲ್ಲಿ ಗೊತ್ತಾದರೂ ‘ಒಂದು ಮೊಲ ತಾನೇ’ ಎಂದು ಸುಮ್ಮನಾಗುವ ತಂದೆತಾಯಿಗಳಿದ್ದಾರೆ.

ಕಾನೂನಿನ ಕಣ್ಣಿಗೆ ಅದು ‘ಒಂದು ಮೊಲ’ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಮಾತಿನ ಅರ್ಥ ಬಹಳ ವಿಶಾಲವಾದದ್ದು. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಅಟ್ಟಿಸಿಕೊಂಡು ಹೋಗುವುದು, ಉರುಳು ಹಾಕುವುದು, ವಿಷವಿಡುವುದು, ಹಕ್ಕಿಯ ಮೊಟ್ಟೆ ಒಡೆಯುವುದು, ಗೂಡು ಕೆದಕುವುದು ಎಲ್ಲವೂ ಬೇಟೆಯೇ. ಪ್ರಯತ್ನ ಮಾಡಿ ಬರಿಗೈಯಲ್ಲಿ ಬಂದರೂ ಬೇಟೆಯೇ. ನೆರವಾದವನಿಗೂ ಗುಂಡು ಹಾರಿಸಿದವನಿಗೂ ಕಾಯ್ದೆ ಭೇದ ಎಣಿಸಿಲ್ಲ. ಟಾರ್ಚ್ ಹಿಡಿದವನ ಹೆಸರೂ ಅದೇ ಪ್ರಕರಣದಲ್ಲಿ ಸೇರುತ್ತದೆ. ಬಳಸಿದ ಬೈಕು ಸರ್ಕಾರದ ವಶವಾಗುತ್ತದೆ. ಅದು ಬಹುತೇಕ ಅಪ್ಪನ ಹೆಸರಿನದೇ ಆಗಿರುತ್ತದೆ, ಸಾಲದ ಕಂತು ತೀರಿರುವುದಿಲ್ಲ.

ಕೃಷ್ಣಮೃಗ, ಚಿಂಕಾರ, ಕೊಂಡುಕುರಿ, ನವಿಲು ಮೊದಲನೆಯ ಅನುಸೂಚಿಯಲ್ಲಿವೆ. ಇವುಗಳ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ. 2022ರ ತಿದ್ದುಪಡಿಯ ನಂತರ ದಂಡವೂ 25 ಸಾವಿರ ರೂಪಾಯಿಗಿಂತ ಕಡಿಮೆ ಇರುವಂತಿಲ್ಲ. ಉಳಿದ ಸಾಮಾನ್ಯ ಅಪರಾಧಗಳಿಗೆ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. 18 ತುಂಬದವನು ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲುತ್ತಾನೆ, ತುಂಬಿದವನು ನೇರವಾಗಿ ನ್ಯಾಯಾಲಯದಲ್ಲಿ. ಮುಂದೆ ಪೊಲೀಸ್, ಸೈನ್ಯ, ಶಿಕ್ಷಕ ಹುದ್ದೆ ಎಂದು ಅರ್ಜಿ ಹಾಕುವಾಗ ‘ನಿಮ್ಮ ಮೇಲೆ ಯಾವುದಾದರೂ ಪ್ರಕರಣವಿದೆಯೇ’ ಎಂಬ ಪ್ರಶ್ನೆಯ ಎದುರು ಪೆನ್ನು ನಿಂತುಬಿಡುತ್ತದೆ. ಇಂಥ ಪ್ರಕರಣ ಎಷ್ಟು ಕಾಲ ಬೆನ್ನು ಹತ್ತಬಹುದೆಂಬುದಕ್ಕೆ ಹಿಂದಿ ನಟ ಸಲ್ಮಾನ್ ಖಾನ್ ಅವರ ಉದಾಹರಣೆಯೇ ಇದೆ. ಕೃಷ್ಣಮೃಗದ ಘಟನೆ ನಡೆದದ್ದು 1998ರಲ್ಲಿ. ಜೋಧಪುರದ ನ್ಯಾಯಾಲಯ 5 ವರ್ಷದ ಶಿಕ್ಷೆ ವಿಧಿಸಿದ್ದು 2018ರಲ್ಲಿ. ಅದರ ಮೇಲೆ ಮೇಲ್ಮನವಿ. ಚಿತ್ರನಟರಿಗೆ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇರುತ್ತದೆ. ಹೊಸದುರ್ಗದ ರೈತನಿಗೆ ಎಲ್ಲಿಂದ ಬರಬೇಕು?

‘ನಮ್ಮ ತಾತ ಹೊಡೆಯುತ್ತಿದ್ದರಲ್ಲ?’ ಎಂದು ಹುಡುಗರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ದುರ್ಗದ ಕೋಟೆಯನ್ನು ಬೆಳೆಸಿ, 1779ರಲ್ಲಿ ಹೈದರಾಲಿಗೆ ಸೋಲುವವರೆಗೆ ಆಳಿದ ನಾಯಕರು ಬೇಡ ಕುಲದವರು. ‘ಬೇಡ’ ಎಂದರೇ ಬೇಟೆಗಾರ. ಈ ನೆಲದಲ್ಲಿ ಬೇಟೆ ಹೊಟ್ಟೆಪಾಡೂ ಆಗಿತ್ತು, ಯುದ್ಧದ ತಾಲೀಮೂ ಆಗಿತ್ತು. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗೆ ನಿಬಂಧನೆ ತಂದಿತು. ಅಂದರೆ ಪ್ರಾಣಿಗಳು ಕಡಿಮೆಯಾಗುತ್ತಿವೆ ಎಂಬ ಅಳುಕು ನೂರು ವರ್ಷಕ್ಕೂ ಹಿಂದಿನದು. 1972ರ ಕಾಯ್ದೆ ಬಂದಾಗಲೂ ವಿಶೇಷ ಬೇಟೆ, ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ಲೈಸೆನ್ಸ್ ಕೊಡುವ ವ್ಯವಸ್ಥೆ ಇತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ತಾತ ಹೊಡೆದದ್ದು ಅವರ ಕಾಲದಲ್ಲಿ ಅಪರಾಧವಾಗಿರದೆ ಇರಬಹುದು. ಮೊಮ್ಮಗನಿಗೆ ಆ ಬಾಗಿಲು ಇಲ್ಲ.

ಇನ್ನೊಂದು ಗೊಂದಲ ಮೊಬೈಲಿನಿಂದ ಬಂದದ್ದು. ಅಮೆರಿಕದಲ್ಲಿ ಅಪ್ಪ-ಮಗ ಜೊತೆಯಾಗಿ ಜಿಂಕೆ ಬೇಟೆಗೆ ಹೋಗುವ ವಿಡಿಯೊಗಳನ್ನು ಹುಡುಗರು ನೋಡಿರುತ್ತಾರೆ. ಅಲ್ಲಿ ಹೊಸಬನು ಸಾಮಾನ್ಯವಾಗಿ ತರಬೇತಿ ಪಡೆದು, ಲೈಸೆನ್ಸ್ ಕೊಂಡು, ಗೊತ್ತಾದ ಋತುವಿನಲ್ಲಿ, ಗೊತ್ತಾದ ಸಂಖ್ಯೆಯಷ್ಟನ್ನೇ ಹೊಡೆಯಬೇಕು. 1937ರ ಒಂದು ಕಾಯ್ದೆಯಂತೆ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆ ವನ್ಯಜೀವಿಗಳ ನಿರ್ವಹಣೆಗೇ ಹೋಗುತ್ತದೆ. ಅಲ್ಲಿಯ ಬಿಳಿಬಾಲದ ಜಿಂಕೆಗಳ ಸಂಖ್ಯೆ ದೊಡ್ಡದು, ಎಣಿಕೆಯೂ ನಡೆಯುತ್ತದೆ. ನಮ್ಮ ಬಯಲುಸೀಮೆಯ ಸ್ಥಿತಿ ಬೇರೆ. ಹೊಲ, ರಸ್ತೆ, ಕಲ್ಲುಗಣಿಗಳ ನಡುವೆ ಕಾಡು ತುಂಡುತುಂಡಾಗಿ ಉಳಿದಿದೆ. ಜೋಗಿಮಟ್ಟಿ ಇಂದು ವನ್ಯಜೀವಿಧಾಮ. 1997ರವರೆಗೆ ಚಿತ್ರದುರ್ಗಕ್ಕೇ ಸೇರಿದ್ದ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವನ್ನು 2011ರಲ್ಲಿ ಕೊಂಡುಕುರಿಗಾಗಿಯೇ ಧಾಮವೆಂದು ಘೋಷಿಸಬೇಕಾಯಿತು. ಪಕ್ಕದ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಮೀಸಲು ಪ್ರದೇಶದ ವಿಸ್ತೀರ್ಣ 798 ಎಕರೆ ಮಾತ್ರ. ಕೃಷ್ಣಮೃಗಗಳ ಪಾಲಿಗೆ ಅಷ್ಟೇ ದೊಡ್ಡ ಆಸ್ತಿ.

ಹಳ್ಳಿಯವರ ಮಾತಿನಲ್ಲಿ ಇವೆಲ್ಲ ‘ಜಿಂಕೆ’ಗಳೇ. ವಿಜ್ಞಾನದ ಲೆಕ್ಕದಲ್ಲಿ ಅಲ್ಲ. ಚುಕ್ಕೆಜಿಂಕೆ, ಕಡವೆಗಳ ಕೊಂಬು ಕವಲೊಡೆಯುತ್ತದೆ, ಉದುರಿ ಮತ್ತೆ ಬೆಳೆಯುತ್ತದೆ. ಕೃಷ್ಣಮೃಗ, ಕೊಂಡುಕುರಿಗಳ ಕೊಂಬಿಗೆ ಕವಲಿಲ್ಲ, ಅದು ಉದುರುವುದೂ ಇಲ್ಲ. ಅವು ದನ, ಆಡುಗಳ ಕುಟುಂಬದವು. ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬು, ಮುಂದಿನ ಜೋಡಿ ಗಿಡ್ಡ. ಅದು ಹಿಕ್ಕೆ ಹಾಕಲು ಮತ್ತೆ ಮತ್ತೆ ಒಂದೇ ಜಾಗಕ್ಕೆ ಬರುತ್ತದೆ. ಈ ಶಿಸ್ತೇ ಅದಕ್ಕೆ ಮುಳುವು, ಉರುಳು ಹಾಕುವವನಿಗೆ ಹುಡುಕುವ ಶ್ರಮವಿಲ್ಲ. ಕೃಷ್ಣಮೃಗದ ತಾಯಿ ಮರಿಯನ್ನು ಮೊದಲ ದಿನಗಳಲ್ಲಿ ಹುಲ್ಲಿನಲ್ಲಿ ಅಡಗಿಸಿ ಮೇಯಲು ಹೋಗುತ್ತದೆ. ಬೇಟೆನಾಯಿಗಳಿಗೆ ಮೊದಲು ಸಿಗುವುದು ಈ ಮರಿ. ಕಾಡುಮೊಲವಂತೂ ಬಿಲ ತೋಡುವುದೇ ಇಲ್ಲ. ಮೈಯಳತೆಯ ಒಂದು ತಗ್ಗಿನಲ್ಲಿ ಹಗಲೆಲ್ಲ ಅಲುಗದೆ ಕೂರುತ್ತದೆ. ಅದರ ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ, ಮೈಮೇಲೆ ಕೂದಲೂ ಇರುತ್ತದೆ.

ಟಾರ್ಚಿನ ಬೇಟೆ ಯಾಕೆ ಅಷ್ಟು ಸುಲಭ? ಜಿಂಕೆ ಜಾತಿಯ ಪ್ರಾಣಿಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರವಿದೆ. ಒಮ್ಮೆ ಒಳಹೊಕ್ಕ ಮಂದ ಬೆಳಕನ್ನು ಅದು ಹಿಂದಕ್ಕೆ ಎಸೆದು ಎರಡನೆಯ ಸಲ ಬಳಸಿಕೊಳ್ಳಲು ಅವಕಾಶ ಕೊಡುತ್ತದೆ. ನಕ್ಷತ್ರದ ಬೆಳಕಿನಲ್ಲಿ ನೋಡಲು ರೂಪುಗೊಂಡ ಅಂಥ ಕಣ್ಣಿನ ಮೇಲೆ ಎಲ್‌ಇಡಿ ಟಾರ್ಚಿನ ಬೆಳಕು ಬಿದ್ದರೆ ಎದುರಿಗೆ ಬಿಳಿಗೋಡೆಯ ಹೊರತು ಏನೂ ಕಾಣದು. ಮೊಲವೂ ಹಾಗೆಯೇ ತಬ್ಬಿಬ್ಬಾಗುತ್ತದೆ. ಕಾಣದಿದ್ದಾಗ ಅಲುಗಬೇಡ ಎಂಬುದು ನರಿ-ತೋಳಗಳ ಎದುರು ಅದನ್ನು ಉಳಿಸಿದ ಬುದ್ಧಿ. ಅದೇ ಬುದ್ಧಿಯಿಂದ ಇಲ್ಲಿ ಸಾಯುತ್ತದೆ. ಹತ್ತು ಹೆಜ್ಜೆ ದೂರದಲ್ಲಿ ಕುರುಡಾಗಿ ಕುಳಿತದ್ದನ್ನು ಹೊಡೆಯುವುದರಲ್ಲಿ ಯಾವ ಶೌರ್ಯವಿದೆಯೋ, ಹಳೆಯ ಬೇಟೆಗಾರರೇ ಇದ್ದಿದ್ದರೆ ನಗುತ್ತಿದ್ದರು.

ಜಿಲ್ಲೆಯ ಕೆಲವು ಊರುಗಳಲ್ಲಿ ಸಂಕ್ರಾಂತಿಗೆ ಮೊಲವನ್ನು ಹಿಡಿದು ತಂದು, ಪೂಜಿಸಿ, ಮತ್ತೆ ಕಾಡಿಗೆ ಬಿಡುವ ಪದ್ಧತಿ ಇದೆ. ಬಿಡುವುದೇನೋ ಚೆಂದ. ಹಿಡಿಯುವುದೂ ಬೇಟೆಯೇ ಎಂದು ಕಾಯ್ದೆ ಹೇಳುತ್ತದೆ, ಊರಿನ ಹಿರಿಯರು ಈ ವಿಷಯವನ್ನು ಅರಣ್ಯ ಇಲಾಖೆಯೊಂದಿಗೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಬೆಳೆ ತಿನ್ನುವ ಹಂದಿಗೆಂದು ಸಿಡಿಮದ್ದಿನ ಉಂಡೆ, ವಿದ್ಯುತ್ ತಂತಿ ಇಡುವವರ ಕಥೆ ಬೇರೆ. ಆ ಉಂಡೆಯನ್ನು ಹಸುವೂ ಕಚ್ಚುತ್ತದೆ, ಆ ತಂತಿಯನ್ನು ನೀರು ಹಾಯಿಸಲು ಹೋದ ಮಗನೂ ತುಳಿಯುತ್ತಾನೆ. ಬೆಳೆಹಾನಿಗೆ ಪಹಣಿ ಮತ್ತು ಫೋಟೊ ಸಹಿತ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಪರಿಹಾರ ಕೇಳಬಹುದು.

ಹಾಗಾದರೆ ಕಾಡಿನ ಹುಚ್ಚು ಹಿಡಿದ ಹುಡುಗ ಏನು ಮಾಡಬೇಕು? ಕೆನೆತ್ ಆಂಡರ್ಸನ್ 1954ರ ತಮ್ಮ ಪುಸ್ತಕದಲ್ಲಿ ಹೊಸದುರ್ಗ-ಹೊಳಲ್ಕೆರೆಯ ನರಭಕ್ಷಕನ ಬಗ್ಗೆಯೇ ಒಂದು ಅಧ್ಯಾಯ ಬರೆದಿದ್ದಾರೆ. ಅವರ ಬರಹಗಳನ್ನು ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದರು. ಇಂಥ ಕಥೆಗಳಲ್ಲಿ ಗುಂಡು ಹಾರುವುದು ಒಂದು ಗಳಿಗೆ. ಉಳಿದದ್ದೆಲ್ಲ ಹೆಜ್ಜೆ ಓದುವುದು, ಗಾಳಿ ನೋಡುವುದು, ಕಾಯುವುದು. ಆ ಉಳಿದದ್ದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ. ಸಲೀಂ ಅಲಿ 1908ರಲ್ಲಿ ಏರ್‌ಗನ್ನಿನಿಂದ ಒಂದು ಗುಬ್ಬಿ ಹೊಡೆದ ಹುಡುಗ. ಅದರ ಕತ್ತಿನ ಮೇಲಿನ ಹಳದಿ ಮಚ್ಚೆ ಏನೆಂದು ಕೇಳಲು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲು ತಟ್ಟಿದ. ಆ ಪ್ರಶ್ನೆಯೇ ಅವನನ್ನು ದೇಶದ ದೊಡ್ಡ ಪಕ್ಷಿತಜ್ಞನನ್ನಾಗಿ ಮಾಡಿತು. ಇನ್ನು ಗುರಿಯ ಮೇಲೇ ಆಸೆಯಿದ್ದರೆ ಎನ್‌ಸಿಸಿಯ ಫೈರಿಂಗ್ ಇದೆ. 2008ರಲ್ಲಿ ಅಭಿನವ್ ಬಿಂದ್ರಾ ಒಲಿಂಪಿಕ್ ಚಿನ್ನ ತಂದದ್ದು 10 ಮೀಟರ್ ದೂರದ ಕಾಗದದ ಗುರಿಗೆ ಹೊಡೆದು.

ಹೆಜ್ಜೆ ಓದಲು ಊರ ಕೆರೆಯಂಗಳ ಸಾಕು. ಮಳೆ ಬಂದ ಮರುದಿನ, ಬಿಸಿಲೇರಿದ ಮೇಲೆ, ದೊಡ್ಡವರೊಬ್ಬರ ಜೊತೆ ಹೋಗಬೇಕು. ಬಂಡೆಗಳ ಸಂದಿಗೆ ನುಗ್ಗಬಾರದು, ದುರ್ಗದ ಬಂಡೆಗಳಲ್ಲಿ ಕರಡಿಯಿದೆ. ಧಾಮದೊಳಕ್ಕೆ ಅನುಮತಿಯಿಲ್ಲದೆ ಕಾಲಿಡಬಾರದು. ಗೊರಸಿನ ಗುರುತು ಚೂಪಾಗಿ ಕಿರಿದಾಗಿದ್ದರೆ ಕೃಷ್ಣಮೃಗವಿರಬಹುದು, ಮೊಂಡಾಗಿದ್ದರೆ ಬಹುಶಃ ಕುರಿ. ಉಗುರಿನ ಗುರುತಿದ್ದರೆ ನಾಯಿ ಅಥವಾ ನರಿ, ಉಗುರಿಲ್ಲದೆ ದುಂಡಗೆ ದೊಡ್ಡದಾಗಿದ್ದರೆ ಚಿರತೆ, ಕೂಡಲೇ ಹಿಂತಿರುಗುವುದು ಲೇಸು. ಮೊಲದ ಹೆಜ್ಜೆಯಲ್ಲಿ ಹೊಸಬರೆಲ್ಲ ಮೋಸ ಹೋಗುತ್ತಾರೆ. ಓಡುವಾಗ ಅದರ ಹಿಂಗಾಲು ಮುಂಗಾಲನ್ನು ದಾಟಿ ಮುಂದೆ ಬೀಳುತ್ತದೆ. ದೊಡ್ಡ ಗುರುತು ಯಾವ ಕಡೆಗಿದೆಯೋ ಮೊಲ ಹೋದದ್ದು ಆ ಕಡೆಗೆ. ಚೆನ್ನಾಗಿ ಮೂಡಿದ ಹೆಜ್ಜೆಯ ಸುತ್ತ ರಟ್ಟಿನ ಪಟ್ಟಿಯ ಬಳೆ ಇಟ್ಟು, ಎರಡು ಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಒಂದು ಪಾಲು ನೀರು ಕಲಸಿ ಸುರಿಯಬೇಕು. ಅರ್ಧ ಗಂಟೆಯಲ್ಲಿ ಅಚ್ಚು ಗಟ್ಟಿಯಾಗುತ್ತದೆ. ಹಿಂಬದಿಯಲ್ಲಿ ತಾರೀಖು, ಕೆರೆಯ ಹೆಸರು, ಹೆಜ್ಜೆಯ ಉದ್ದ ಬರೆದಿಟ್ಟರೆ ಶಾಲೆಯ ಬೀರುವಿನಲ್ಲಿ ಮೊದಲನೆಯ ನಮೂನೆ ಅದು.