ಹೊಂಡದ ಕುಚ್ಚು ಮೀನಿಗೆ ರಬ್ಬರ್ ಮೀನಿನ ಗಾಳ: ಬಳಸುವ ಮುನ್ನ ಪರೀಕ್ಷಿಸುವ ಕ್ರಮ

ಮಲೆನಾಡಿನಲ್ಲಿ ತೋಟದ ಕೆಳಗೆ ಹೊಂಡ ತೋಡಿಸಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮರಿಗಳನ್ನು ಬಿಡುವ ರೈತರು ಅನೇಕರಿದ್ದಾರೆ. ತುಂಗಾ ತೀರದ ಮಂಡಗದ್ದೆಯಂತಹ ಊರುಗಳಲ್ಲಿ ಮಳೆಗಾಲದಲ್ಲಿ ಇಂತಹ ಹೊಂಡಗಳಿಗೆ ಕರೆಯದೆ ಬರುವ ಅತಿಥಿಯೆಂದರೆ ಕುಚ್ಚು ಮೀನು. ಗಾಳಿಯನ್ನು ಉಸಿರಾಡಬಲ್ಲ ಈ ಮೀನು ಹಳ್ಳದ ನೀರಿನೊಡನೆ ಬರುವುದಲ್ಲದೆ ಒದ್ದೆ ನೆಲದ ಮೇಲೆ ತೆವಳಿಯೂ ಬರುತ್ತದೆ. ಬಂದ ಮೇಲೆ ಸಾಕಿದ ಮೀನುಮರಿಗಳೇ ಅದರ ಆಹಾರ.

ಮರಿ ಬಿಡುವ ಮುನ್ನವಾದರೆ ನೀರು ಬಸಿದು ಹೊಂಡವನ್ನು ಒಣಗಿಸಬಹುದು. ಅದು ಸಾಧ್ಯವಿಲ್ಲದಲ್ಲಿ, ಒಂದು ಮೀಟರ್ ಆಳದ ನೀರಿಗೆ ಎಕರೆಗೆ ಸುಮಾರು 1000 ಕಿಲೋ ಹಿಪ್ಪೆ ಹಿಂಡಿ ಹಾಕುವ ಪದ್ಧತಿಯಿದೆ. ಆದರೆ ಮರಿ ಬಿಟ್ಟ ಮೇಲೆ ಹಿಂಡಿ ಹಾಕಿದರೆ ಸಾಕಿದ ಮೀನುಗಳೂ ಸಾಯುತ್ತವೆ. ಬಲೆ ಎಳೆದರೆ ಕುಚ್ಚು ಕೆಸರಿನಲ್ಲಿ ಹುದುಗಿ ತಪ್ಪಿಸಿಕೊಳ್ಳುತ್ತದೆ. ಆಗ ಉಳಿಯುವ ದಾರಿ ಗಾಳ. ಈಗ ಅಂಗಡಿಗಳಲ್ಲಿ ದೊರೆಯುವ ಮೆತ್ತನೆಯ ರಬ್ಬರ್ ಮೀನು ಈ ಕೆಲಸಕ್ಕೆ ಅನುಕೂಲ. ಚಲಿಸುವ ಬೇಟೆಯನ್ನು ಹಿಡಿಯುವ ಕುಚ್ಚು ಅದಕ್ಕೆ ಎರಗುತ್ತದೆ. ಕಾಟ್ಲಾ, ರೋಹು ಸಾಮಾನ್ಯವಾಗಿ ಅದರ ಗೋಜಿಗೆ ಹೋಗುವುದಿಲ್ಲ.

ಬಾಲ ಅಲುಗುವುದೇಕೆ?

ರಬ್ಬರ್ ಮೀನೆಂದು ಕರೆದರೂ ಇದು ಬಹುಮಟ್ಟಿಗೆ ಮೃದುಗೊಳಿಸಿದ ಪಿ.ವಿ.ಸಿ. ಪ್ಲಾಸ್ಟಿಕ್. ಇದರ ಬಾಲದ ತುದಿಯಲ್ಲಿ ಚಪ್ಪಟೆ ಬಿಲ್ಲೆಯೂ ಅದರ ಹಿಂದೆ ತೆಳುವಾದ ಕುತ್ತಿಗೆಯೂ ಇರುತ್ತವೆ. ದಾರ ಎಳೆದಾಗ ಬಿಲ್ಲೆ ನೀರಿಗೆ ಅಡ್ಡವಾಗುತ್ತದೆ. ಅದರ ಎರಡು ಅಂಚುಗಳಿಂದ ಒಂದಾದ ಮೇಲೊಂದರಂತೆ ಸಣ್ಣ ಸುಳಿಗಳು ಕಳಚಿ, ಒತ್ತಡ ಎಡಕ್ಕೂ ಬಲಕ್ಕೂ ಬದಲಾಗುತ್ತದೆ, ಬಾಲ ಬೀಸತೊಡಗುತ್ತದೆ. ಮೀನಿನ ಮೈಯ ಪಕ್ಕದಲ್ಲಿರುವ ಪಾರ್ಶ್ವರೇಖೆಯೆಂಬ ಅಂಗವು ಈ ಕಂಪನವನ್ನು ಗುರುತಿಸುತ್ತದೆ. ಆದುದರಿಂದಲೇ ಕೆಂಪು ನೀರಿನಲ್ಲಿಯೂ ಬೇಟೆಯ ಸುಳಿವು ಅದಕ್ಕೆ ಸಿಗುತ್ತದೆ. ಬಾಲ ಬೀಸದ ರಬ್ಬರ್ ಮೀನು ನೀರಿನಲ್ಲಿ ಎಳೆದ ಕಡ್ಡಿಗೆ ಸಮ.

ಪರೀಕ್ಷಿಸುವ ಕ್ರಮ

ಕೊಕ್ಕೆಯ ಮೊನೆಗೆ ಬೆಂಡಿನ ತುಂಡು ಚುಚ್ಚಿದರೆ ರಬ್ಬರ್ ಮೀನು ತೇಲಿ ಪರೀಕ್ಷೆ ಕೆಡುತ್ತದೆ. ಆದ್ದರಿಂದ ಮೊನೆಯನ್ನು ಹಾಗೆಯೇ ಬಿಟ್ಟು, ಮಕ್ಕಳನ್ನು ದೂರವಿರಿಸಿ ಕೆಲಸ ಮಾಡಬೇಕು.

1. ಮುಳುಗುವ ವೇಗ: ತಿಳಿನೀರಿನ ತೊಟ್ಟಿಯಲ್ಲಿ ಒಂದು ಮೀಟರ್ ಗುರುತು ಮಾಡಿ, ದಾರ ಸಡಿಲಬಿಟ್ಟು ಎಣಿಸಬೇಕು. ಒಂದು ಮೀಟರ್ ಇಳಿಯಲು 3 ಸೆಕೆಂಡು ಬೇಕಾದರೆ, ಒಂದೂವರೆ ಮೀಟರ್ ಆಳದ ಹೊಂಡದಲ್ಲಿ ನಾಲ್ಕೂವರೆ ಸೆಕೆಂಡಿಗೆ ತಳ ಮುಟ್ಟುತ್ತದೆ. ಮೂರಕ್ಕೇ ಎಳೆಯತೊಡಗಿದರೆ ಕೆಸರಿಗೂ ಬೇರಿಗೂ ಸಿಕ್ಕದು.

2. ಬಾಲ ಬೀಸತೊಡಗುವ ವೇಗ: 5 ಮೀಟರ್ ದೂರವನ್ನು ಮೊದಲು 20 ಸೆಕೆಂಡಿನಲ್ಲಿ, ಅನಂತರ 10 ಸೆಕೆಂಡಿನಲ್ಲಿ ಎಳೆಯಬೇಕು. ಅಂದರೆ ಸೆಕೆಂಡಿಗೆ 25 ಮತ್ತು 50 ಸೆಂಟಿಮೀಟರ್. ನಿಧಾನದ ಎಳೆತದಲ್ಲಿಯೇ ಬಾಲ ಬೀಸಿದರೆ ಉತ್ತಮ. ಕುಚ್ಚು ಹೊಂಚು ಹಾಕುವ ಮೀನು, ಅದಕ್ಕೆ ಹತ್ತಿರದಲ್ಲಿ ನಿಧಾನವಾಗಿ ಸಾಗುವ ಬೇಟೆ ಸುಲಭ. ಮೊಬೈಲಿನಲ್ಲಿ ನಿಧಾನಗತಿಯ ಚಿತ್ರ ತೆಗೆದರೆ ಬೀಸುವಿಕೆಯನ್ನು ಎಣಿಸಬಹುದು. ಪೊಟ್ಟಣದಲ್ಲಿ ಮಡಚಿಕೊಂಡ ಬಾಲವನ್ನು ಬಿಸಿನೀರಿನಲ್ಲಿ ಅದ್ದಿ ನೇರ ಮಾಡಿಕೊಳ್ಳಬೇಕು.

3. ಸಮತೋಲ: ಮೈ ತುಸು ಹೊರಳಿದರೆ ತೊಂದರೆಯಿಲ್ಲ. ಪಕ್ಕಕ್ಕೆ ಮಲಗಿದರೆ ಅಥವಾ ಗಿರಕಿ ಹೊಡೆದರೆ ದಾರ ಹುರಿಗೊಂಡು ಹಾಳಾಗುತ್ತದೆ. ಇದಕ್ಕೆ ಬಹುತೇಕ ಕಾರಣ ಕೊಕ್ಕೆ ನಡುಗೆರೆಯಲ್ಲಿ ಇಲ್ಲದಿರುವುದು. ಕೊಕ್ಕೆ ತೆಗೆದು ನೇರವಾಗಿ ಚುಚ್ಚಬೇಕು. ವೇಗ ಹೆಚ್ಚಿಸಿದಾಗ ಮಾತ್ರ ಮಗುಚಿದರೆ ಹೊಟ್ಟೆಯ ಭಾಗಕ್ಕೆ ಸ್ವಲ್ಪ ಭಾರ ಸೇರಿಸಬೇಕು.

ಬೆಳೆ ಪ್ರಯೋಗದ ನಿಯಮ ಇಲ್ಲಿಯೂ ಅನ್ವಯಿಸುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು; ಪ್ರತಿಯೊಂದನ್ನೂ ಮೂರು ಬಾರಿ ನೋಡಬೇಕು. ಗೊಬ್ಬರವನ್ನೂ ತಳಿಯನ್ನೂ ಒಟ್ಟಿಗೆ ಬದಲಿಸಿದರೆ ಇಳುವರಿ ಯಾವುದರಿಂದ ಹೆಚ್ಚಿತೆಂದು ತಿಳಿಯದು. ಭಾರವನ್ನೂ ಕೊಕ್ಕೆಯನ್ನೂ ಒಟ್ಟಿಗೆ ಬದಲಿಸಿದರೂ ಹಾಗೆಯೇ.

ನದಿಗೆ ಒಯ್ಯಬೇಡಿ

ಈ ಪರೀಕ್ಷೆಯನ್ನು ಹೊಳೆಯಲ್ಲಿ ಮಾಡಬಾರದು. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಮಳೆಗಾಲದಲ್ಲಿ ಗೂಡು ಕಟ್ಟುತ್ತವೆ. ನೀರುಕಾಗೆ, ಹಾವಕ್ಕಿಗಳು ಮುಳುಗಿ ಮೀನು ಹಿಡಿಯುವ ಹಕ್ಕಿಗಳು. ಬೇರಿಗೆ ಸಿಕ್ಕಿ ಹರಿದು ಉಳಿದ ನೈಲಾನ್ ದಾರ ಅವುಗಳ ಕಾಲಿಗೆ, ರೆಕ್ಕೆಗೆ ಸುತ್ತಿಕೊಳ್ಳಬಲ್ಲದು. ಪ್ಲಾಸ್ಟಿಕ್ ಮೀನು ಕೊಳೆಯುವುದಿಲ್ಲ; ನುಂಗಿದರೆ ಜೀರ್ಣವಾಗುವುದಿಲ್ಲ. ಸೀಸದ ಭಾರ ಹಕ್ಕಿಗಳಿಗೆ ವಿಷ. ಕಬ್ಬಿಣ ಅಥವಾ ಹಿತ್ತಾಳೆಯ ಚೂರು ಬಳಸುವುದು ಲೇಸು. ಪಕ್ಷಿಧಾಮದಲ್ಲಾಗಲಿ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಂತಹ ಮತ್ಸ್ಯಧಾಮದಲ್ಲಾಗಲಿ ಗಾಳ ಹಾಕಲೇಬಾರದು. ಹೊಂಡದಲ್ಲಿ ಹರಿದ ದಾರವನ್ನೂ ಹುಡುಕಿ ತೆಗೆಯಬೇಕು.

ಗಾಳದಿಂದ ಕುಚ್ಚು ಕಡಿಮೆಯಾಗುವುದೇ ಹೊರತು ನಿರ್ಮೂಲವಾಗುವುದಿಲ್ಲ. ನೀರು ಬರುವ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟುವುದು, ಬೆರಳುದ್ದಕ್ಕಿಂತ ದೊಡ್ಡ ಮರಿಗಳನ್ನೇ ಬಿಡುವುದು, ಮೀನು ಹಿಡಿದ ಮೇಲೆ ಹೊಂಡ ಒಣಗಿಸುವುದು ಇವೇ ಮೂಲ ಉಪಾಯಗಳು. ಹಿಡಿದ ಕುಚ್ಚು ರುಚಿಯಾದ, ಬೆಲೆಬಾಳುವ ಮೀನು. ಮರಿಗಳನ್ನು ಕಳೆದುಕೊಂಡ ರೈತನಿಗೆ ಅಷ್ಟಾದರೂ ಕೈಗೆ ಬರುತ್ತದೆ.